ವಿಮಾನ ತಡೆದ ಅಜ್ಜ

ಹೋದ ತಿಂಗಳು ಜಗಳೂರು ಬಸ್ಸಿನಲ್ಲಿ ಪಕ್ಕದವರ ಕಂಬಳಿ ಮಳೆಗೆ ತೊಯ್ದಿತ್ತು. ಆ ಕುರಿ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕುರಿ ಕಾಯುವ ಅಜ್ಜ ನೆನಪಾದ. ಮುಖ ತಿರುಗಿಸಿ ಕಿಟಕಿ ಕಡೆ ಕೂತೆ. ಏನು ಪ್ರಯೋಜನ...

ಏಳೆಂಟು ವರ್ಷದ ಹಿಂದೆ ನಾನು ಕರಾವಳಿಯ ಒಂದು ಸಣ್ಣ ಏರ್‌ಸ್ಟ್ರಿಪ್‌ನಲ್ಲಿ ಗುಮಾಸ್ತನಾಗಿದ್ದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಾಷ್ಟ್ರೀಯ ಉದ್ಯಾನದ ಕಾಡು. ಕಾಡು ನೋಡೋಕೆ ಬರುವ ಪ್ರವಾಸಿಗರನ್ನು ಹೊತ್ತು ದಿನಕ್ಕೊಂದು ಪುಟ್ಟ ವಿಮಾನ ಇಳಿಯುತ್ತಿತ್ತು. ಅದು ಬರುವ ಮೊದಲು ರನ್‌ವೇ ಮೇಲಿನ ಜಿಂಕೆಗಳನ್ನು ಓಡಿಸಬೇಕು. ಪಟಾಕಿ ಹೊಡೆದರೆ ಅವು ಬೆದರಿ ಮತ್ತೆ ರನ್‌ವೇಗೇ ನುಗ್ಗುತ್ತಿದ್ದವು. ಬಿಳಿಚೋಡಿನ ಈ ಅಜ್ಜನನ್ನು ಆ ಕೆಲಸಕ್ಕೆ ಕರೆಸಿದವನು ನಾನೇ. ನಾನು ಅದೇ ಜಿಲ್ಲೆಯ ತ್ಯಾವಣಿಗೆಯವನು, ಅಜ್ಜ ನಮ್ಮ ಕಡೆಯವನಲ್ಲವೇ ಅಂತ. ಕಂಬಳಿ ಹೆಗಲಿಗೆ ಹಾಕಿ 'ಹುರ್ರ್' ಅಂದರೆ ಸಾಕು, ಜಿಂಕೆಗಳು ಸಾಲಾಗಿ ಕಾಡಿಗೆ ನಡೆಯುತ್ತಿದ್ದವು.

ಒಂದು ಬೆಳಿಗ್ಗೆ ವಿಮಾನ ತಲೆ ಮೇಲೆ ಬಂದಾಗ ಅಜ್ಜ ರನ್‌ವೇ ನಡುವೆ ನಿಂತು ಕಂಬಳಿ ಬೀಸುತ್ತಿದ್ದ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಅವನ ಹಿಂದೆ ಒಂದು ಜಿಂಕೆ ಮಲಗಿ ತಿಣುಕುತ್ತಿತ್ತು. ಮರಿಯ ಕಾಲು ಹೊರಗೆ ಬಂದಿತ್ತು.

"ಅಜ್ಜಾ, ಎಬ್ಬಿಸ್ರಿ ಅದನ್ನ!"

"ಈಯಾಕೆ ಹತ್ತೈತೋ ತಮ್ಮಾ. ಈಯೋ ಜೀವಾನ ಎಬ್ಬಿಸ್ತಾರೇನೋ? ಮರಿ ಎದ್ದು ನಿಲ್ಲೋಗಂಟ ಕಾಯ್ಬೇಕು. ಮೇಲಿನೋರಿಗೆ ಒಂದೀಟು ತಡೀರಿ ಅನ್ನು."

ಕುರಿ ಕಾಯುವವರ ನೇಮ ಅದು. ವಿಮಾನಕ್ಕೆ ಯಾವ ನೇಮ? ಎರಡು ಸುತ್ತು ಹಾಕಿ ವಾಪಸ್ ಹೋಯಿತು. ಆಮೇಲೆ ಮರಿ ತಡವರಿಸುತ್ತ ಎದ್ದಿತು, ಅಜ್ಜ ನಕ್ಕ. ಅತ್ತ ವಾಪಸ್ಸಾದ ಪ್ರವಾಸಿಗರು ನಮ್ಮ ಮ್ಯಾನೇಜರ್‌ಗೆ ಫೋನಿನಲ್ಲೇ ಮಂಗಳಾರತಿ ಎತ್ತಿದ್ದರು. ಅವನು ಅಜ್ಜನನ್ನು ಪೊಲೀಸರಿಗೆ ಕೊಡ್ತೀನಿ ಅಂತ ಕೂಗಾಡಿದ. ಕೊನೆಗೆ ನನ್ನನ್ನು ಒಳಗೆ ಕರೆದ. "ಕುಡಿದು ಬಂದಿದ್ದ ಅಂತ ಬರಿ, ಪೊಲೀಸರಿಗೆ ಕೊಡದೆ ಅವನನ್ನ ಕೆಲಸದಿಂದ ತೆಗೀತೀನಿ. ಇಲ್ಲಾಂದ್ರೆ ಅವನನ್ನ ತಂದ ನೀನೂ ಮನೆಗೆ ನಡಿ."

ಅಜ್ಜ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಬರೆದೆ ನಾನು, ದುಂಡಗಿನ ಅಕ್ಷರದಲ್ಲಿ. ಅಜ್ಜನಿಗೆ ಓದು ಬರದು. "ನೀ ಬರ್ದದ್ದಲ್ಲೇನೋ, ಸರಿಯಾಗೇ ಇರ್ತೈತೆ" ಅಂತ ಹೆಬ್ಬೆಟ್ಟು ಒತ್ತಿ ಊರಿಗೆ ಹೊರಟುಹೋದ. ಥೂ, ನನ್ನ ಜನ್ಮಕ್ಕಿಷ್ಟು!

ಹೋದ ತಿಂಗಳ ಆ ಬಸ್ಸು ಬಿಳಿಚೋಡಿನಲ್ಲಿ ನಿಂತಾಗ ಇಳಿದುಬಿಟ್ಟೆ, ಈಗಲಾದರೂ ಹೇಳಿ ಕಾಲಿಗೆ ಬೀಳೋಣ ಅಂತ. ಮನೆ ಹುಡುಕಿ ಹೋದರೆ, ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಯಾರ ಕಾಲಿಗೆ ಬೀಳಲಿ... ಅವನ ಹೆಂಡತಿ ಚಾ ಕೊಟ್ಟು ಕೂರಿಸಿದಳು.

"ನಿನ್ನ ಬಾಳ ನೆನೆಸೋರಪ್ಪಾ. ಆ ಹುಡುಗ ಇದ್ದದ್ದು ಇದ್ದಂಗೆ ಬರ್ದ, ಅದಕ್ಕೇ ಜೈಲು ತಪ್ತು ಅನ್ನೋರು. ಹೌದೇನಪ್ಪಾ?"

"ಹೂಂ ಅಜ್ಜಿ" ಅಂದೆ.