ಅಕ್ಕನ ಒಪ್ಪತ್ತು

ಅಕ್ಕನಿಗೆ ಹಸಿವಿರಲಿಲ್ಲ, ಅಷ್ಟೇ. ಮೂಡಲಗಿಯ ನಮ್ಮ ಓಣಿಯೆಲ್ಲ ಅದನ್ನು ವ್ರತ ಎಂದುಕೊಂಡಿತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನಾಗ ಕಾಲೇಜು ಸೇರಿದ್ದೆ. ಹುಕ್ಕೇರಿಯಿಂದ ಹೆಣ್ಣು ನೋಡಲು ಬಂದವರು ಶಿರಾ, ಚಹಾ ಎಲ್ಲ ಮುಗಿಸಿ ಹೋಗಿ, "ಹುಡುಗಿ ಭಾಳ ದಪ್ಪ ಅದಾಳ" ಎಂದು ಹೇಳಿ ಕಳಿಸಿದರು. ಅವರ ಬಾಯಿಗೆ ಬೆಂಕಿ ಬೀಳಲಿ! ಅರಿವೆ ತರುವ ನೆಪ ಹೇಳಿ ಅಕ್ಕ ನನ್ನನ್ನು ಕರೆದುಕೊಂಡು ಗೋಕಾಕಿನ ಡಾಕ್ಟರ ಬಳಿ ಹೋದಳು. ಅವರು ಬಿಪಿ ನೋಡಿ, ಹಸಿವು ಅಡಗಿಸುವ ಗುಳಿಗೆ ಬರೆದುಕೊಟ್ಟರು.

"ನೆಗಡಿಗಂತ ಯಾವ ಗುಳಿಗಿನೂ ನನ್ನ ಕೇಳಲಾರದ ತಗೋಬ್ಯಾಡ್ರಿ. ಇದರ ಜೋಡಿ ಅದು ಕೂಡಿದ್ರ ಬಿಪಿ ಏರತೈತಿ," ಎಂದು ಎರಡು ಸಲ ಹೇಳಿದರು.

ಬಸ್ಸಿನಲ್ಲಿ ಅಕ್ಕ, "ಅವ್ವಗ ಹೇಳಿದ್ರ ನಿನ್ನ ಜೋಡಿ ಮಾತ ಬಿಡ್ತೀನಿ ನೋಡ," ಎಂದಳು.

ಮನೆಯಲ್ಲಿ ತಾಟು ಸರಿಸಲು ಕಾರಣ ಬೇಕಲ್ಲ? ಒಪ್ಪತ್ತು ಹಿಡಿದಿದ್ದೇನೆ, ದಿನಕ್ಕೊಂದೇ ಊಟ, ಎಂದುಬಿಟ್ಟಳು. ನಾವು ಜೈನರು, ಉಪವಾಸ ಮಾಡುವವರನ್ನು ನಮ್ಮಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಅವ್ವ ಹಿಗ್ಗಿ ಹೀರೇಕಾಯಿಯಾದಳು. ಬಸದಿಯಲ್ಲಿ ಹೆಂಗಸರು "ಪುಣ್ಯವಂತಿ" ಎಂದು ಅಕ್ಕನ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅಕ್ಕ ಚಿವುಟುತ್ತಿದ್ದಳು.

ಭಾದ್ರಪದದ ಮಳೆಗೆ ಅವಳಿಗೆ ನೆಗಡಿ ಹಿಡಿಯಿತು. ಮೂಗು ಕಟ್ಟಿ ಒದ್ದಾಡಿದಳು. ಅವ್ವ ನಮ್ಮಿಬ್ಬರನ್ನೂ ಓಣಿಯ ಡಾಕ್ಟರ ಬಳಿ ಕರೆದೊಯ್ದಳು.

"ಬ್ಯಾರೆ ಏನರ ಔಷಧ ನಡದೈತೇನ್ರಿ?" ಎಂದು ಅವರು ಕೇಳಿದರು.

"ಇಲ್ರಿ ಸಾಹೇಬ್ರ, ಒಪ್ಪತ್ತ ಹಿಡದಾಳ ನನ್ನ ಮಗಳು," ಎಂದಳು ಅವ್ವ, ಹೆಮ್ಮೆಯಿಂದ.

ಅಕ್ಕ ನನ್ನನ್ನು ನೋಡಿದಳು. ದಿನವಿಡೀ ವಟವಟ ಎನ್ನುವ ನನ್ನ ಬಾಯಿಗೆ ಅಂದು ಏನಾಗಿತ್ತೋ! ಒಂದು ನೆಗಡಿ ಗುಳಿಗೆಗೆ ಏನಾದೀತು ಎಂದುಕೊಂಡು ನೆಲ ನೋಡುತ್ತ ಕುಳಿತೆ.

ಮರುದಿನ ಮಧ್ಯಾಹ್ನ, ಗೋಕಾಕಿನ ಗುಳಿಗೆಯ ಜೊತೆ ಓಣಿಯ ಡಾಕ್ಟರು ಕೊಟ್ಟ ನೆಗಡಿ ಗುಳಿಗೆಯನ್ನೂ ನುಂಗಿದ್ದ ಅಕ್ಕ ತಲೆ ಸಿಡಿಯುತ್ತಿದೆ ಎನ್ನುತ್ತ ಪಡಸಾಲೆಯಲ್ಲಿ ಕುಸಿದಳು. ಗೋಕಾಕಿಗೆ ಹೋಗುವ ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಾಯಿ ಒಂದು ಕಡೆ ಜಗ್ಗಿತ್ತು. ಬಿಪಿ ಏರಿ ತಲೆಯಲ್ಲಿ ನರ ಒಡೆದಿದೆ ಎಂದರು ದವಾಖಾನೆಯಲ್ಲಿ. ಅಲ್ಲಿಯ ಡಾಕ್ಟರನ್ನು ಬಾಜೂಕ್ಕೆ ಕರೆದು ಎಲ್ಲ ಹೇಳಿದೆ.

"ನಿನ್ನೆ ಹೇಳಬೇಕಿತ್ತವಾ," ಎಂದರು.

ಮೂರನೆಯ ದಿನ ಅಕ್ಕ ಹೋದಳು.

ಅವ್ವ ಅಂದಿನಿಂದ ಉಪವಾಸವನ್ನೇ ಬಿಟ್ಟಳು. ಭಾದ್ರಪದ ಬಂದರೆ ಸಾಕು, "ನಾನ ಹುರುಪ ಕೊಟ್ಟು ಉಪಾಸ ಮಾಡಿಸಿ ಕೊಂದೆ ನನ್ನ ಮಗಳನ್ನ," ಎಂದು ಎದೆ ಬಡಿದುಕೊಳ್ಳುತ್ತಾಳೆ. ಬಂದವರೆಲ್ಲ ಸಂತೈಸುತ್ತಾರೆ. "ನಿಂದೇನೂ ತಪ್ಪಿಲ್ಲಬೇ," ಎಂದು ನಾನೂ ಅನ್ನುತ್ತೇನೆ. ಯಾರ ತಪ್ಪು ಎಂಬುದನ್ನು ಮಾತ್ರ ಇಂದಿಗೂ ಹೇಳಿಲ್ಲ.