ಮಾರ್ಪಾ ಹೇಳಿದ ಚಳಿ

ತುರುಯಾ ಊರಿನಲ್ಲಿ ಮಾರ್ಪಾಳ ಮೇಲೆ ಕೋಪವಿಲ್ಲದ ಮಗು ಇರಲಿಲ್ಲ. ಪ್ರೀತಿಯಿಲ್ಲದ ಮಗುವೂ ಇರಲಿಲ್ಲ ಅನ್ನಿ. ಆದರೆ ನವೆಂಬರಿನಿಂದ ಫೆಬ್ರವರಿ ಮುಗಿಯುವತನಕ ಕೋಪದ್ದೇ ಮೇಲುಗೈ. ಯಾಕೆಂದರೆ ಶಾಲೆ ಇದೆಯೋ ಇಲ್ಲವೋ ಎನ್ನುವುದು ಬೆಳಗ್ಗೆ ಅವಳ ಬಾಯಿಂದ ಬೀಳುವ ಒಂದು ಅಂಕಿಯ ಮೇಲೆ ನಿಂತಿತ್ತು. ಐವತ್ತೆರಡು ಮುಟ್ಟಿದರೆ ಐದನೇ ತರಗತಿಯವರೆಗಿನವರಿಗೆ ರಜೆ. ಐವತ್ತಾರು ಮುಟ್ಟಿದರೆ ಇಡೀ ಶಾಲೆಗೇ ಬೀಗ. ಸೊನ್ನೆಗಿಂತ ಕೆಳಗೆ ಎಂದು ಬಿಡಿಸಿ ಹೇಳುವ ರೂಢಿ ಈ ಹಿಮನಾಡು ಯಾಕುತಿಯಾದಲ್ಲಿ ಇಲ್ಲ. ಜನವರಿಯಲ್ಲಿ ಸೊನ್ನೆಗಿಂತ ಮೇಲೆ ಇರುವುದೆಂದರೆ ಒಲೆಯ ಮೇಲಿನ ಕೆಟಲು ಮಾತ್ರ.

ಮಾರ್ಪಾಗೆ ಆಗ ಐವತ್ತೆಂಟು. ಇಪ್ಪತ್ತೇಳು ವರ್ಷಗಳಿಂದ ಊರಿನ ಹವಾಮಾನ ಠಾಣೆ ಅವಳದೇ. ಠಾಣೆ ಎಂದರೆ ಅವಳ ಮನೆಯ ಹಿಂದೆ, ಕೆರೆಯ ಕಡೆಗೆ, ಎತ್ತರದ ನಾಲ್ಕು ಕಾಲುಗಳ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆ, ಹತ್ತಲು ಮೂರು ಮೆಟ್ಟಿಲು, ಒಳಗೆ ಥರ್ಮಾಮೀಟರುಗಳು. ಪಾದರಸ ನಲವತ್ತರ ಹತ್ತಿರವೇ ಕಲ್ಲಾಗಿಬಿಡುವುದರಿಂದ ಅವುಗಳಲ್ಲಿ ಇರುತ್ತಿದ್ದದ್ದು ಮದ್ಯಸಾರ. "ಹೊಟ್ಟೇಲಿ ಸಾರಾಯಿ ಇಟ್ಕೊಂಡೂ ನಿಜ ಹೇಳೋದು ಈ ಊರಲ್ಲಿ ಅದೊಂದೇ" ಎಂದು ಗಂಡಸರು ನಗುತ್ತಿದ್ದರು.

ಆ ಮೂರು ಮೆಟ್ಟಿಲು ಹತ್ತುವುದಕ್ಕೆ ಅವಳು ಮಾಡಿಕೊಳ್ಳುತ್ತಿದ್ದ ಸಿದ್ಧತೆ ಮದುವಣಗಿತ್ತಿಯದಕ್ಕಿಂತ ಹೆಚ್ಚು. ಮೊದಲು ಎರಡು ಜೊತೆ ಉಣ್ಣೆಯ ಕಾಲುಚೀಲ, ಮೇಲೆ ಹಿಮಸಾರಂಗದ ತೊಗಲಿನ ಬೂಟು. ಆಮೇಲೆ ಮೂರು ಸ್ವೆಟರು, ತೋಳದ ಚರ್ಮದ ಕೋಟು, ಮೊಲದ ಟೋಪಿ, ಕಣ್ಣಷ್ಟೇ ಕಾಣುವ ಹಾಗೆ ಶಾಲು. ಕನ್ನಡಕದ ತಂತಿ ಕೆನ್ನೆಗೆ ಅಂಟಿ ಚರ್ಮ ಕಿತ್ತುಬರದಂತೆ ಅದಕ್ಕೂ ಉಣ್ಣೆಯ ದಾರ ಸುತ್ತಿದ್ದಳು. ಪೆಟ್ಟಿಗೆಯ ಬಾಗಿಲು ತೆರೆದಮೇಲೆ ಉಸಿರು ಬಿಡುವ ಹಾಗಿಲ್ಲ. ಬಿಟ್ಟರೆ ಗಾಜಿಗೆ ಹಬೆ ತಾಗಿ ಅಂಕಿ ಕೆಡುತ್ತದೆ. ಉಸಿರು ಕಟ್ಟಿ, ಮೊದಲು ದಶಾಂಶ ಓದಿ, ಆಮೇಲೆ ಪೂರ್ಣಾಂಕ ಓದಿ, ಬಾಗಿಲು ಹಾಕಿ, ಕೆಳಗಿಳಿದ ಮೇಲೇ ಅವಳು ಉಸಿರು ಬಿಡುತ್ತಿದ್ದಳು.

ಕೆಲಸ ಕಲಿಸಿಕೊಟ್ಟ ಮುದುಕ ಸೆಮೆನ್ ಸಾಯುವ ಮೊದಲು ಹೇಳಿದ್ದ: "ಅಂಕಿ ನಿಂದಲ್ಲ ಮಗಳೇ. ಅದು ಮೇಲಿಂದ ಬಂದ ಕಾಗದ. ನೀನು ಬರೀ ಅಂಚೆಯವಳು. ಕಾಗದ ಒಡೆದು ತಿದ್ದೋ ಅಂಚೆಯವಳನ್ನ ಯಾರಾದ್ರೂ ಇಟ್ಕೋತಾರಾ?" ಅವಳು ತಿದ್ದಲಿಲ್ಲ. ಮದುವೆಯ ಮಾತು ಬಂದ ಕಾಲದಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ತಾಯಿ ಹೋಗುವಷ್ಟರಲ್ಲಿ ಮದುವೆಯ ಮಾತು ಎತ್ತುವವರು ಉಳಿದಿರಲಿಲ್ಲ. ಅವಳಿಗೆ ಉಳಿದದ್ದು ಆ ಪೆಟ್ಟಿಗೆ ಮತ್ತು ಊರಿನ ಅಷ್ಟೂ ಮಕ್ಕಳ ಬೈಗುಳ.

"ಅಜ್ಜೀ, ಒಂದೇ ಒಂದು ಡಿಗ್ರಿ ಕೊಡು, ಸಾಲ ಅಂದ್ಕೋ. ಬೇಸಿಗೇಲಿ ತೀರಿಸ್ತೀವಿ," ಎಂದು ಗೋಗರೆಯುವವರಲ್ಲಿ ಮುಂದಾಳು ನಾಲ್ಕನೇ ತರಗತಿಯ ಕ್ಯುನ್ನೆ. ಮುಂದಿನ ಎರಡು ಹಲ್ಲು ಬಿದ್ದಿದ್ದ, ನಾಲಿಗೆಗೆ ಮಾತ್ರ ಏನೂ ಆಗಿರದ ಹುಡುಗಿ.

"ಎಷ್ಟಿದ್ಯೋ ಅಷ್ಟು."

"ಐವತ್ತೊಂದೂವರೆ ಅಂದ್ರೆ ಐವತ್ತೆರಡೇ ಅಲ್ವಾ? ಟೀಚರೇ ಹೇಳಿಕೊಟ್ಟಿದ್ದಾರೆ, ಅರ್ಧ ಇದ್ರೆ ಮುಂದಿನದಕ್ಕೆ ಸೇರಿಸ್ಬೇಕು ಅಂತ."

"ಲೆಕ್ಕ ಇಷ್ಟು ಚೆನ್ನಾಗಿ ಬರೋ ಹುಡುಗಿ ಶಾಲೆ ತಪ್ಪಿಸ್ಬಾರ್ದು. ನಡಿ, ಮೂಗು ಮುಚ್ಕೋ."

ಶಾಲೆಗೆ ಅದರದೇ ಒಂದು ಬಾಯ್ಲರ್ ಕೋಣೆ. ಕಲ್ಲಿದ್ದಲು ಉರಿಸಿ ಬಿಸಿನೀರನ್ನು ಕೊಳವೆಗಳಲ್ಲಿ ತರಗತಿಯಿಂದ ತರಗತಿಗೆ ಓಡಿಸುವ ಕೆಲಸ ದ್ಯೊಗೂರನದು. ಅರವತ್ತು ದಾಟಿದ, ಬಾಗಿಲಿಗೆ ತಲೆ ತಾಗುವಷ್ಟು ಉದ್ದದ, ಮಾತು ಕಡಿಮೆಯ ಮನುಷ್ಯ. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡಾಗ ಕುಡಿತಕ್ಕೆ ಬಿದ್ದಿದ್ದ. ಆ ಚಳಿಗಾಲದಲ್ಲೇ ಒಂದು ಸಲ ಬೆಂಕಿ ಆರಿಹೋಗಿ, ನೀರು ಹೆಪ್ಪುಗಟ್ಟಿ, ಕೊಳವೆಗಳು ಸಾಲಾಗಿ ಒಡೆದು, ಹನ್ನೊಂದು ದಿನ ಶಾಲೆ ನಿಂತಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಇಲ್ಲ ಎಂದು ಜಿಲ್ಲೆಯಿಂದ ಬಂದವರು ಹೇಳಿ ಹೋದರು. ಅಂದಿನಿಂದ ದ್ಯೊಗೂರ್ ಒಂದು ತೊಟ್ಟು ಮುಟ್ಟಿರಲಿಲ್ಲ. ಮದುವೆಯೂಟದಲ್ಲೂ ಲೋಟ ಕವುಚಿಟ್ಟು ಕೂರುತ್ತಿದ್ದ.

ಆ ಜನವರಿಯ ಒಂದು ಮಂಗಳವಾರ ಬೆಳಗಿನ ಜಾವ ಮಾರ್ಪಾ ಎದ್ದು ಒಲೆಗೆ ಕಟ್ಟಿಗೆ ಒಡ್ಡಿ, ಅಂಗಳದಿಂದ ತಂದ ಮಂಜುಗಡ್ಡೆಯ ತುಂಡನ್ನು ನೀರಾಗಲು ಪೀಪಾಯಿಗೆ ಹಾಕುತ್ತಿದ್ದಳು. ಬಾಗಿಲಲ್ಲಿ ದಡದಡ ಸದ್ದಾಯಿತು.

"ಯಾರದು?"

"ನಾನು, ದ್ಯೊಗೂರ್. ಬೇಗ ತೆಗಿ ಮಾರ್ಪಾ, ಮೀಸೆ ಮುರಿದು ಬೀಳ್ತಿದೆ."

ದನದ ಚರ್ಮ ಹೊದಿಸಿದ ಬಾಗಿಲು ತೆರೆಯುತ್ತಲೇ ಬಿಳಿ ಹೊಗೆಯಂಥ ಚಳಿ ನೆಲದುದ್ದಕ್ಕೂ ಉರುಳಿ ಒಲೆಯ ಬುಡದವರೆಗೆ ಬಂತು. ಹಿಂದೆಯೇ ದ್ಯೊಗೂರ್ ಬಂದ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ.

"ನಿನ್ನ ಬ್ಲೋಲ್ಯಾಂಪ್ ಇದ್ಯಲ್ಲ, ಕಬ್ಬಿಣ ಕಾಯ್ಸೋದು, ಕೊಡು."

"ಏನಾಯ್ತು?"

"ಬಾಯ್ಲರ್ ಪಂಪಿನ ಅಚ್ಚು ತುಂಡಾಗೋಯ್ತು. ಕೊಳವೆ ನೀರೆಲ್ಲ ಇಳಿಸ್ಬಿಟ್ಟಿದ್ದೀನಿ, ಒಡೆಯಲ್ಲ. ಟ್ರ್ಯಾಕ್ಟರ್ ಶೆಡ್ಡಲ್ಲಿ ಹಳೇ ಪಂಪೊಂದಿದೆ. ಅದನ್ನ ಕಾಯ್ಸಿ ಬಿಚ್ಚಿ, ತಂದು ಜೋಡಿಸಿ, ಮತ್ತೆ ನೀರು ಹತ್ತಿಸಕ್ಕೆ ಐದು ಗಂಟೆನಾದ್ರೂ ಬೇಕು."

ಮಾರ್ಪಾ ಹತ್ತಿರ ಬಂದು ಮುಖ ಮೇಲೆತ್ತಿದಳು. "ಊದು."

ಅವನಿಗೆ ಅರ್ಥವಾಯಿತು. ಬೇಸರಪಟ್ಟುಕೊಳ್ಳದೆ ಬಗ್ಗಿ ಅವಳ ಮುಖದ ಮೇಲೆ ಉಸಿರು ಬಿಟ್ಟ. ಚಹಾ, ಕಲ್ಲಿದ್ದಲು, ಬೆಳ್ಳುಳ್ಳಿ. ಬೇರೇನೂ ಇರಲಿಲ್ಲ.

"ಬಾರ್ಬಾರಾಗೆ ಹೇಳು ಮತ್ತೆ," ಎಂದಳು. ಬಾರ್ಬಾರಾ ಶಾಲೆಯ ಮುಖ್ಯೋಪಾಧ್ಯಾಯಿನಿ.

"ಹೇಳಿದ್ರೆ ಅವಳು ಜಿಲ್ಲೆಗೆ ಬರೀಬೇಕಾಗ್ತದೆ. ಅವರು ಯಾಕೆ ಕೆಡ್ತು ಅಂತ ಕೇಳಲ್ಲ. ಯಾರಿದ್ರು ಅಂತ ಕೇಳ್ತಾರೆ." ಅವಳು ತಂದುಕೊಟ್ಟ ಬ್ಲೋಲ್ಯಾಂಪನ್ನು ಕೋಟಿನೊಳಗೆ ಸಿಕ್ಕಿಸಿಕೊಂಡ. "ಏನು ಮಾಡೋದು, ಮಕ್ಕಳು ಎಂಟಕ್ಕೆ ಬಂದ್ಬಿಡ್ತಾವೆ. ಬರ್ಲಿ. ಆಗಿದ್ದಾಗ್ಲಿ."

ಅಷ್ಟು ಹೇಳಿ ಹೊರಟುಹೋದ. ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು ಎಂದು ಮಾರ್ಪಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಹೊತ್ತಿಗೆ ಸರಿಯಾಗಿ ಕೋಟು ತೊಟ್ಟು, ಶಾಲು ಸುತ್ತಿ, ಮೆಟ್ಟಿಲು ಹತ್ತಿದಳು. ಊರೆಲ್ಲ ಮಂಜಿನಲ್ಲಿ ಮುಳುಗಿತ್ತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಪೆಟ್ಟಿಗೆ ತೆರೆಯುವ ಮುಂಚೆ ಅವಳು ಮನಸ್ಸಿನಲ್ಲೇ ಒಂದು ಅಂಕಿಯನ್ನು ಬೇಡಿಕೊಂಡಳು. ಉಸಿರು ಕಟ್ಟಿ ಓದಿದಳು. ನಲವತ್ತೊಂಬತ್ತು ಪಾಯಿಂಟ್ ಮೂರು. ಕೆಳಗಿಳಿದು ಐದು ನಿಮಿಷ ಕಾದಳು. ಬೆರಳುಗಳು ಮರಗಟ್ಟಿದವು. ಮತ್ತೆ ಹತ್ತಿ ನೋಡಿದಳು. ನಲವತ್ತೊಂಬತ್ತು ಪಾಯಿಂಟ್ ಎರಡು. ಹಾಳು ಚಳಿ ಇವತ್ತೇ ಕಡಿಮೆಯಾಗುತ್ತಿತ್ತು!

ಒಳಗೆ ಬಂದು ರಿಜಿಸ್ಟರಿನಲ್ಲಿ ಮೊದಲ ಅಂಕಿಯನ್ನು ಇದ್ದಹಾಗೆ ಬರೆದಳು. ಆಮೇಲೆ ಫೋನಿನ ಮುಂದೆ ಕೂತಳು. ಚಹಾ ಕಾಯಿಸಿಕೊಂಡಳು, ಕುಡಿಯಲಿಲ್ಲ. ಹಂಚಿಗೆ ಹಿಟ್ಟು ಹುಯ್ದು ದೋಸೆಯಂಥದ್ದೊಂದು ಎತ್ತಿ, ಮೊದಲ ತುಂಡನ್ನು ಎಂದಿನಂತೆ ಒಲೆಯ ಬೆಂಕಿಗೆ ಕೊಟ್ಟಳು. "ತಿನ್ನು, ಕ್ಷಮಿಸು," ಎಂದಳು. ಫೋನೆತ್ತಿದಳು.

"ಐವತ್ತಾರು."

ಆ ಕಡೆಯಿಂದ ಬಾರ್ಬಾರಾ ಕೇಳಿದಳು, "ಎಷ್ಟಂದೆ?"

"ಐವತ್ತಾರು."

"ನನ್ನ ಕಿಟಕಿ ಥರ್ಮಾಮೀಟರು ನಲವತ್ತೊಂಬತ್ತು ಅಂತಿದೆಯಲ್ಲೇ."

"ನಿನ್ನ ಕಿಟಕಿ ಒಲೆ ಪಕ್ಕ ಇದೆ."

"ಒಲೆ ಇರೋದು ಆಚೆ ಗೋಡೇಲಿ."

ಮಾರ್ಪಾ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಾರ್ಬಾರಾ ನಿಧಾನವಾಗಿ ಹೇಳಿದಳು: "ಮಾರ್ಪಾ, ಏಳು ವರ್ಷ ಒಂದೇ ಬೆಂಚಲ್ಲಿ ಕೂತಿದ್ವಿ. ಲೆಕ್ಕದ ಪರೀಕ್ಷೇಲಿ ಒಂದೇ ಒಂದು ಉತ್ತರ ತೋರ್ಸೇ ಅಂತ ಅತ್ತೆ ನಾನು. ನೀನು ಮೊಣಕೈ ಅಡ್ಡ ಇಟ್ಟೆ."

"ಇಟ್ಟೆ."

"ಅಂಥವಳು ಇವತ್ತು ಐವತ್ತಾರು ಅಂತೀಯ."

"ಹೂಂ. ಅಂತೀನಿ."

"ಸರಿ ಹಾಗಾದ್ರೆ. ಐವತ್ತಾರು." ಫೋನು ಕಟ್ಟಾಯಿತು.

ಮಾರ್ಪಾ ಒಂದು ಮರೆತಿದ್ದಳು. ಅಥವಾ ನೆನಪಿದ್ದರೂ ನೆನಪು ಮಾಡಿಕೊಂಡಿರಲಿಲ್ಲ. ಊರಿನಲ್ಲಿ ಎಂಬತ್ತು ಮನೆ, ಪ್ರತಿ ಮನೆಯ ಕಿಟಕಿಗೂ ಒಂದೊಂದು ಥರ್ಮಾಮೀಟರು. ಎದ್ದವರು ಹಲ್ಲುಜ್ಜುವ ಮೊದಲು ನೋಡುವುದೇ ಅದನ್ನು. ರಜೆಯ ಸುದ್ದಿ ಫೋನಿನಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದಂತೆ ಜನ ತಂತಮ್ಮ ಕಿಟಕಿಗೆ ಮೂಗು ಹಚ್ಚಿದರು. ಥರ್ಮಾಮೀಟರನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಯಾರೋ ಶಾಲೆಯ ಕಡೆ ನೋಡಿದರು. ಬಾಯ್ಲರ್ ಕೋಣೆಯ ಚಿಮಣಿಯಲ್ಲಿ ಹೊಗೆಯಿರಲಿಲ್ಲ. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ದೀಪ ಉರಿಯುತ್ತಿತ್ತು.

ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಶೆಡ್ಡಿನಲ್ಲಿ ದ್ಯೊಗೂರನ ಜೊತೆ ನಾಲ್ಕು ಗಂಡಸರಿದ್ದರು. ತಮ್ಮ ತಮ್ಮ ಪಾನಾ, ಸುತ್ತಿಗೆ ತಂದಿದ್ದರು. ಕಬ್ಬಿಣ ಮುಟ್ಟಿದರೆ ಕೈ ಅಂಟುವಂಥ ಚಳಿಯಲ್ಲಿ ಸರದಿಯ ಮೇಲೆ ಹತ್ತತ್ತು ನಿಮಿಷ ಕೆಲಸ ಮಾಡಿ, ಹತ್ತತ್ತು ನಿಮಿಷ ಬ್ಲೋಲ್ಯಾಂಪಿನ ಮುಂದೆ ಕೈ ಕಾಯಿಸಿಕೊಂಡರು. ಕ್ಯುನ್ನೆಯ ತಾಯಿ ಕುದುರೆ ಮಾಂಸದ ಸೂಪನ್ನು ಕಂಬಳಿಯಲ್ಲಿ ಸುತ್ತಿ ಕಳಿಸಿದಳು. ಹನ್ನೊಂದಕ್ಕೆ ಸರಿಯಾಗಿ ಶಾಲೆಯ ಚಿಮಣಿಯಿಂದ ಹೊಗೆ ಕಂಬದ ಹಾಗೆ ನೆಟ್ಟಗೆ ಎದ್ದಿತು.

ಮಧ್ಯಾಹ್ನ ಮಾರ್ಪಾ ಬ್ರೆಡ್ಡಿಗೆಂದು ಅಂಗಡಿಗೆ ಹೋದಳು. ಹೋಗದೆ ಇದ್ದರೆ ಚೆನ್ನಾಗಿತ್ತು.

"ಅಯ್ಯೋ, ಏನ್ ಚಳಿ ಇವತ್ತು!" ಎಂದಳು ಅಂಗಡಿಯವಳು ಸ್ವೆಟರಿನ ತೋಳು ಮೇಲೇರಿಸುತ್ತ. "ಐವತ್ತಾರಂತಲ್ಲ ಅಕ್ಕ!"

"ನನ್ನ ಕಿವಿ ಆಗ್ಲೇ ಉದುರಿ ಹೋದ್ವು," ಎಂದ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಮುದುಕ. "ಒಂದು ಎಲ್ಲೋ ಕೆರೆ ಹತ್ರ ಬಿತ್ತು, ನೋಡಿದ್ಯಾ?"

ಮಾರ್ಪಾಳ ಮುಖ ನಾಚಿಕೆಯಿಂದ ಕೆಂಪಾಯಿತು. ಬ್ರೆಡ್ಡು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಬಂದಳು. ಮೆಟ್ಟಿಲ ಕೆಳಗೆ ಜಾರುಬಂಡಿಯ ಮೇಲೆ ಕ್ಯುನ್ನೆ ಕೂತಿದ್ದಳು.

"ಅಜ್ಜಿ, ಹೋದ ವಾರ ಐವತ್ತೊಂದೂವರೆಗೆ ನನ್ನ ಶಾಲೆಗೆ ಕಳಿಸ್ದೆ. ಇವತ್ತು ನಲವತ್ತೊಂಬತ್ತಕ್ಕೆ ರಜಾ ಕೊಟ್ಟೆ. ನಂಗೆ ಖುಷಿನೇ. ಆದ್ರೆ ಇದು ಯಾವ ನ್ಯಾಯ ಅಜ್ಜಿ?"

ಮಾರ್ಪಾ ಬ್ರೆಡ್ಡಿನ ತುದಿ ಮುರಿದು ಅವಳ ಕೈಗಿಟ್ಟು ಮನೆಗೆ ನಡೆದಳು.

ಮೂರು ದಿನ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ಬಾರ್ಬಾರಾ ತಾನೇ ಮನೆಗೆ ಬಂದು, ಬೂಟು ಬಿಚ್ಚಿ, ಒಲೆಯ ಪಕ್ಕ ಕೂತು ಚಹಾ ಕೇಳಿದಳು. ಅವಳು ಬೈಯಲಿ ಎಂದು ಮಾರ್ಪಾ ಕಾದಳು. ಬಾರ್ಬಾರಾ ಕೆನೆ ಹಾಕಿಕೊಂಡು ಎರಡು ಲೋಟ ಕುಡಿದಮೇಲೆ ಹೇಳಿದಳು: "ನಿನ್ನ ಐವತ್ತಾರರಿಂದ ಒಂದು ದಿನದ ಪಾಠ ಹೋಯ್ತು. ಭಾನುವಾರ ತುಂಬಿಸ್ಬೇಕು. ನನ್ನ ಟೀಚರುಗಳು ಭಾನುವಾರ ಬರಲ್ಲ. ನೀನೇ ಬಂದು ಮಾಡು."

"ನಾನು ಏನು ಪಾಠ ಮಾಡ್ಲಿ?"

"ನಿಂಗೆ ಬರೋದು ಒಂದೇ ಅಲ್ವಾ? ಥರ್ಮಾಮೀಟರ್ ಓದೋದು. ಅದನ್ನೇ ಕಲಿಸು."

ಭಾನುವಾರ ಮಾರ್ಪಾ ಹಬ್ಬದ ಅಂಗಿ ತೊಟ್ಟು, ಒಡೆದ ಹಳೆಯ ಥರ್ಮಾಮೀಟರೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಾಲೆಗೆ ಹೋದಳು. ಭಾನುವಾರ ಹಾಳಾಯಿತೆಂದು ಮುಖ ಊದಿಸಿಕೊಂಡು ಕೂತಿದ್ದ ಮಕ್ಕಳು ಉಸಿರು ಕಟ್ಟಿ ಓದುವ ಆಟ ಶುರುವಾದಮೇಲೆ ಬೆಂಚುಗಳನ್ನೇ ಹತ್ತಿದರು. ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯದಲ್ಲಿ ಒಬ್ಬ ಬಿದ್ದೂ ಬಿದ್ದ. ಕಿಟಕಿಯ ಕೆಳಗೆ ದ್ಯೊಗೂರ್ ಮಂಡಿಯೂರಿ ಕೊಳವೆಯ ಕೀಲು ಬಿಗಿಮಾಡುತ್ತಿದ್ದ. ಬಿಗಿಯಾಗಿದ್ದ ಕೀಲನ್ನೇ ಅವನು ಅರ್ಧ ಗಂಟೆಯಿಂದ ಬಿಗಿಮಾಡುತ್ತಿದ್ದದ್ದನ್ನು ಬಾರ್ಬಾರಾ ಬಾಗಿಲಲ್ಲಿ ನಿಂತು ನೋಡಿದಳು.

ಕ್ಯುನ್ನೆ ಕೈ ಎತ್ತಿದಳು. "ಅಜ್ಜಿ, ಯಾವತ್ತಾದ್ರೂ ತಪ್ಪು ಹೇಳಿದ್ಯಾ?"

ಕಿಟಕಿಯ ಕೆಳಗೆ ಕೀಲಿನ ಸದ್ದು ನಿಂತಿತು.

"ಒಂದ್ಸಲ ಹೇಳಿದ್ದೀನಿ," ಎಂದಳು ಮಾರ್ಪಾ. "ತಪ್ಪು ಓದ್ಲಿಲ್ಲ. ಸರಿಯಾಗೇ ಓದಿ ಸುಳ್ಳು ಹೇಳ್ದೆ."

"ಮತ್ತೆ ಹೇಳ್ತೀಯಾ?"

ಮಾರ್ಪಾ ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿಟ್ಟಳು. ಮಕ್ಕಳಿಗೆ ಹೇಳಬೇಕಾದ ಉತ್ತರ ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಇನ್ನೊಂದು ಸುಳ್ಳಾಗುತ್ತಿತ್ತು.

"ಗೊತ್ತಿಲ್ಲ ಕಣೇ. ನಿನ್ನ ರಜಾಕ್ಕೋಸ್ಕರ ಅಂತೂ ಹೇಳಲ್ಲ."

ತರಗತಿಯೆಲ್ಲ ನಕ್ಕಿತು. ಕ್ಯುನ್ನೆಯೂ ನಕ್ಕಳು, ಹಲ್ಲಿಲ್ಲದ ಬಾಯನ್ನು ಕೈಯಿಂದ ಮುಚ್ಚಿಕೊಂಡು.

ಬ್ಲೋಲ್ಯಾಂಪ್ ವಾಪಸು ಕೊಡಲು ದ್ಯೊಗೂರ್ ಮರುದಿನ ಬಂದ. ಅಂಗಳದಲ್ಲಿ ಮಂಜುಗಡ್ಡೆಯ ಒಟ್ಟಿಲು ತಗ್ಗಿದ್ದು ಕಂಡು, ಕೆರೆಯಿಂದ ಎರಡು ಬಂಡಿ ಕಡಿದು ತಂದು ಹಾಕಿದ. ಅದರ ಮರುದಿನ ಮೆಟ್ಟಿಲ ಹಿಮ ಕೆರೆದ. ಅದರ ಮರುದಿನ ಕೆಲಸ ಏನೂ ಇರಲಿಲ್ಲ, ಆದರೂ ಬಂದ. ಏಪ್ರಿಲಿನಲ್ಲಿ ಸೂರು ತೊಟ್ಟಿಕ್ಕಲು ಶುರುವಾದಾಗ ಅಂಗಡಿಯವಳು, "ಅಕ್ಕ, ಆ ಮನುಷ್ಯನ ಬೂಟು ಸವೆಯೋಕ್ಮುಂಚೆ ಏನಾದ್ರೂ ತೀರ್ಮಾನ ಮಾಡು," ಎಂದಳು. ಜೂನಿನಲ್ಲಿ ಅವನು ಎರಡು ಪಾತ್ರೆ, ಒಂದು ಟ್ರಂಕು ಮತ್ತು ಯಾರಿಗೂ ಬಗ್ಗದ ಒಂದು ಬೆಕ್ಕಿನೊಡನೆ ಅವಳ ಮನೆಗೆ ಬಂದುಬಿಟ್ಟ. ಮದುವೆಯೂಟಕ್ಕೆ ಊರಿಗೆ ಊರೇ ಬಂತು. ಕ್ಯುನ್ನೆ ಹೊಸ ಹಲ್ಲು ತೋರಿಸಿಕೊಂಡು ಬಡಿಸಿದಳು.

ಮುಂದಿನ ಚಳಿಗಾಲದಿಂದ ಬೆಳಗ್ಗೆ ಮಾರ್ಪಾ ಶಾಲು ಸುತ್ತಿಕೊಳ್ಳುವಾಗ, ಬಾಯ್ಲರಿಗೆ ಕಲ್ಲಿದ್ದಲು ತುಂಬಿ ಬಂದು ಮತ್ತೆ ಮಲಗಿದ ದ್ಯೊಗೂರ್ ಹಾಸಿಗೆಯಿಂದಲೇ ಕೂಗುವುದು ರೂಢಿಯಾಯಿತು: "ಐವತ್ತೊಂದು! ಬರಕೋ!"

ಅವಳು ಹೋಗಿ ನೋಡಿ ಬಂದು ಹೇಳುವಳು, "ನಲವತ್ತೇಳು ಪಾಯಿಂಟ್ ಎರಡು."

"ನನ್ನ ಮಂಡಿ ಐವತ್ತೊಂದು ಅಂತಿದೆಯಲ್ಲ."

"ಮಂಡಿಗೆ ರಿಜಿಸ್ಟರಲ್ಲಿ ಜಾಗ ಇಲ್ಲ. ಏಳು, ಚಹಾ ಆರ್ತಿದೆ."