ಎಂಟನೇ ಪುಟದ ಎರಡು ಸಾಲು

ಚಕ್ಕುಲಿ ಒರಳು ಹುಡುಕಲು ಗರಾಜಿಗೆ ಬಂದವಳು, ಅದಕ್ಕೆ ಸುತ್ತಿಟ್ಟಿದ್ದ ಹಳೆಯ ಪೇಪರು ಹಿಡಿದು ಕೂತುಬಿಟ್ಟಿದ್ದೇನೆ. ಒಳಗೆ ಕಲಸಿಟ್ಟ ಹಿಟ್ಟು ಒಣಗುತ್ತಿದೆ. ಒಣಗಲಿ ಬಿಡಿ.

ಎಂಬತ್ತರ ದಶಕದ ಪೇಪರು. ಆಗ ನಾವು ರೆಡ್‌ವುಡ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋದಾಗ ಮೂರು ವರ್ಷದ ಮಗಳು ದೀಪಾಳನ್ನು ಎದುರು ಮನೆಯ ಕ್ಯಾರೊಲ್ ನೋಡಿಕೊಳ್ಳುತ್ತಿದ್ದಳು. ಕ್ಯಾರೊಲ್ ಮಾರ್ಮನ್ ಎಂಬ ಕ್ರೈಸ್ತ ಪಂಥದವಳು. ಮೊದಲ ದಿನ ನಾನು ಕೊಟ್ಟ ಕಾಫಿ ಬೇಡವೆಂದಾಗ, ನಮ್ಮ ಲೋಟ ಮುಟ್ಟಲು ಅಸಹ್ಯವೇನೋ ಎಂದು ಒಳಗೊಳಗೇ ಉರಿದುಕೊಂಡಿದ್ದೆ. ಅವರಲ್ಲಿ ಕಾಫಿಯೇ ನಿಷಿದ್ಧವಂತೆ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಇದು ತಾನಾಗಿಯೇ ಹೊಳೆಯಬೇಕಿತ್ತು.

ಒಂದು ಮಧ್ಯಾಹ್ನ ಲ್ಯಾಬಿನ ಊಟದ ಮೇಜಿನ ಮೇಲೆ ಈ ಪೇಪರಿತ್ತು. ಮೊದಲ ಪುಟದಲ್ಲಿ ದಪ್ಪಕ್ಷರ: ಮಾರ್ಮನ್ ಮನೆ, ಐವರು ಹೆಂಡಿರು, ಬಚ್ಚಿಟ್ಟ ಮಕ್ಕಳು. ಕೆಳಗೊಂದು ಮಗುವಿನ ಚಿತ್ರ.

"ನಿನ್ನ ಮಗಳನ್ನ ನೋಡ್ಕೊಳ್ಳೋದು ಇವರೇ ಅಲ್ವಾ?" ಎಂದಳು ಜೊತೆಯವಳು.

ಪೇಪರನ್ನೂ ಎತ್ತಿಕೊಂಡು ಓಡಿದೆ. ಫ್ರೀವೇಯಲ್ಲಿ ಅವತ್ತೇ ಟ್ರಾಫಿಕ್ಕು.

ಕ್ಯಾರೊಲ್ ಮನೆಗೆ ಬೀಗ. ಬಡಿದೆ, ಕೂಗಿದೆ, ಕಿಟಕಿಗೆ ಮುಖ ಒತ್ತಿ ನೋಡಿದೆ. ಆ ಚಿತ್ರದ ಮಗುವೇ ಕಣ್ಣೆದುರು ಬರುತ್ತಿತ್ತು. ಇಪ್ಪತ್ತು ನಿಮಿಷವಾದ ಮೇಲೆ ಇಬ್ಬರೂ ಗ್ರಾಸರಿ ಚೀಲ ಹಿಡಿದು ಬಂದರು. ದೀಪಾಳ ಬಾಯಿತುಂಬ ದ್ರಾಕ್ಷಿ. ಅವಳನ್ನು ಕಿತ್ತುಕೊಂಡು ಕ್ಯಾರೊಲ್‌ಳನ್ನು ಕೇಳಿದೆ.

"ನಿನ್ನ ಗಂಡನಿಗೆ ಎಷ್ಟು ಜನ ಹೆಂಡ್ತೀರು?"

ಅವಳು ನನ್ನ ಕಂಕುಳಿನ ಪೇಪರು ನೋಡಿದಳು.

"ನಿಮ್ಮ ದೇಶದ ಯಾವುದೋ ಗುರು, ಅವನ ಆಶ್ರಮದ ಹಗರಣ ಅಂತ ಪೇಪರಲ್ಲಿ ದಿನಾ ಬರ್ತಿತ್ತು. ನಾನು ನಿನ್ನನ್ನ ಒಂದು ಮಾತು ಕೇಳಿದ್ನಾ?"

ಕೇಳಿರಲಿಲ್ಲ. ಆದರೂ ಮರುದಿನ ದೀಪಾಳನ್ನು ಡೇಕೇರಿಗೆ ಸೇರಿಸಿದೆ. ಎದುರು ಬಾಗಿಲು ತೋರಿಸಿ ಅವಳು ಅಳುತ್ತಿದ್ದಳು. ಕ್ಷಮಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಕ್ಯಾರೊಲ್ ಮನೆ ಖಾಲಿ ಮಾಡಿ ಯೂಟಾ ರಾಜ್ಯಕ್ಕೆ ಹೋಗುವವರೆಗೂ ಮುಖ ತಪ್ಪಿಸಿಯೇ ಓಡಾಡಿದೆ.

ಮೊದಲ ಪುಟದ ಕೊನೆಯಲ್ಲಿ "ಎಂಟನೇ ಪುಟ ನೋಡಿ" ಎಂದಿದೆ. ಅಂದು ನೋಡಿರಲಿಲ್ಲ. ಈಗ ಕನ್ನಡಕ ಹಾಕಿಕೊಂಡು ತಿರುವಿದೆ. ಮೂಲೆಯಲ್ಲಿ ಎರಡು ಸಾಲು: ಈ ಗುಂಪಿಗೂ ಮಾರ್ಮನ್ ಚರ್ಚಿಗೂ ಸಂಬಂಧವಿಲ್ಲ, ಒಬ್ಬಳಿಗಿಂತ ಹೆಚ್ಚು ಹೆಂಡಿರನ್ನು ಕಟ್ಟಿಕೊಂಡವರನ್ನು ಚರ್ಚು ಹೊರಹಾಕುತ್ತದೆ.

ಪೇಪರಿನವರನ್ನು ಬಯ್ದೆ, ಬಾಯಿತುಂಬ ಬಯ್ದೆ. ಈ ಎರಡು ಸಾಲು ಮೊದಲ ಪುಟದಲ್ಲೇ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಬಯ್ದು ಮುಗಿದ ಮೇಲೂ ಸಮಾಧಾನವಾಗಲಿಲ್ಲ. ಎರಡು ವರ್ಷ, ದಿನಾ ಸಂಜೆ, ನನ್ನ ಮಗಳು ಕ್ಯಾರೊಲ್‌ಳ ತೊಡೆಯ ಮೇಲೆ ನಿದ್ದೆ ಹೋಗಿರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅದು ಯಾವ ಪುಟದಲ್ಲೂ ಬರಬೇಕಾಗಿರಲಿಲ್ಲ.